ಬೋರಿನ ಲಾರಿ ಗುಡ್ಡೆ ಹತ್ತಿದ ವರ್ಷ

ಕೆದಂಬಾಡಿಯಲ್ಲಿ ನಮ್ಮ ಗುಡ್ಡೆಗೆ ಹೋಗುವ ರಸ್ತೆಯಲ್ಲಿ ಈಗ ಶಾಲೆಯ ವ್ಯಾನು ಬರುತ್ತದೆ, ಗ್ಯಾಸಿನ ಗಾಡಿ ಬರುತ್ತದೆ, ರಬ್ಬರು ಶೀಟು ಒಯ್ಯುವ ಪಿಕಪ್ಪು ಬರುತ್ತದೆ. ಆ ರಸ್ತೆಯನ್ನು ಕಡಿದದ್ದು ಮಾತ್ರ ಬೇರೆಯೇ ಒಂದು ಗಾಡಿಗೆ. 1988ರ ಬೇಸಿಗೆಯಲ್ಲಿ ಬೋರಿನ ಲಾರಿಯನ್ನು ಮೇಲಕ್ಕೆ ಹತ್ತಿಸಲಿಕ್ಕೆ ಊರವರು ಕೈಯಲ್ಲೇ ಕಡಿದ ದಾರಿ ಅದು. ಮಳೆಗಾಲದ ರಾತ್ರಿ ಕರೆಂಟು ಹೋಗಿ ಬಚ್ಚಲೊಲೆಯ ಮುಂದೆ ಕೂತಾಗ ಮನೆಯ ಮಕ್ಕಳಿಗೆ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಅಂದು ಪಿಕ್ಕಾಸು ಹಿಡಿದವರಲ್ಲಿ ಹೆಚ್ಚಿನವರು ಈಗ ಇಲ್ಲ. ಹಾಗಾಗಿ ಬರೆದಿಡುವ ಎಂದು ಕೂತಿದ್ದೇನೆ.

ನಮ್ಮ ಊರು ಗೊತ್ತಿಲ್ಲದವರಿಗೆ ಒಂದು ಮಾತು. ಕುಂಬ್ರದಲ್ಲಿ ಮಾಣಿ–ಮೈಸೂರು ರಸ್ತೆಯನ್ನು ಬಿಟ್ಟು ಬೆಳ್ಳಾರೆ ಕಡೆಗೆ ತಿರುಗಿದರೆ ತಿಂಗಳಾಡಿ ಸಿಗುತ್ತದೆ. ಅಲ್ಲಿಂದ ಮುಂದೆ ಕೆಯ್ಯೂರು, ಮಾಡಾವು. ರಸ್ತೆಯ ಎರಡು ಬದಿಗೂ ಗುಡ್ಡೆ, ಗುಡ್ಡೆಗಳ ನಡುವೆ ತೋಡು. ತೋಡಿನ ಬದಿಗೆ ಗದ್ದೆ, ಅದರ ಮೇಲೆ ಅಡಿಕೆ ತೋಟ, ತೋಟದ ತಲೆಗೆ ಮನೆ, ಮನೆಯಿಂದ ಮೇಲೆ ಗೇರುಮರಗಳ ಬೋಳು ಗುಡ್ಡೆ. ಪುತ್ತೂರು ಸೀಮೆಯ ಯಾವ ಊರಿಗೆ ಹೋದರೂ ಇದೇ ಕ್ರಮ. ನೀರು ಯಾವಾಗಲೂ ಕೆಳಗೆ. ಭೂಮಿ ಇದ್ದವರ ಮನೆ ನೀರಿನ ಹತ್ತಿರ. ಭೂಮಿ ಇಲ್ಲದವರಿಗೆ ಸರಕಾರ ಐದು ಸೆಂಟ್ಸ್ ಕೊಟ್ಟಾಗ ಖಾಲಿ ಇದ್ದ ಸರಕಾರಿ ಜಾಗ ಯಾವುದು? ಗುಡ್ಡೆಯ ನೆತ್ತಿ. ಹಾಗಾಗಿ ಜನತಾ ಮನೆಗಳ ಕಾಲೊನಿ ಅಲ್ಲಿ ಎದ್ದಿತು. ಮನೆ ಸಿಕ್ಕಿತು, ನೀರು ಸಿಗಲಿಲ್ಲ.

ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ಜಿಲ್ಲೆಯಲ್ಲಿ ನೀರಿಲ್ಲ ಎಂದರೆ ಘಟ್ಟದ ಮೇಲಿನವರಿಗೆ ನಂಬಿಕೆ ಬರುವುದಿಲ್ಲ. ಆದರೆ ಆ ಮಳೆಯಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ ಸುರಿದು ಮುಗಿಯುತ್ತದೆ. ಮುರಕಲ್ಲಿನ ಗುಡ್ಡೆ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಬಿದ್ದ ನೀರು ಇಳಿದು ತೋಡು ಸೇರಿ, ಹೊಳೆ ಸೇರಿ, ಕಡಲಿಗೆ ಹೋಗುತ್ತದೆ. ದೀಪಾವಳಿ ಕಳೆದ ಮೇಲೆ ಕೃಷಿಕರು ಕಲ್ಲು, ಮಣ್ಣು, ಅಡಿಕೆ ಮರ, ಸೊಪ್ಪು ಹಾಕಿ ತೋಡಿಗೆ ಕಟ್ಟ ಕಟ್ಟುತ್ತಿದ್ದರು. ಕಟ್ಟದ ನೀರು ನಿಂತಷ್ಟು ದಿನ ಅಕ್ಕಪಕ್ಕದ ಬಾವಿಗಳಿಗೂ ಜೀವ. ಮಾರ್ಚ್ ಕಳೆದರೆ ಅದೂ ತಳ ಕಾಣುತ್ತಿತ್ತು. ನಮ್ಮ ಮನೆಯ ಬಾವಿ ಹದಿನಾರು ಕೋಲು ಆಳ. ಏಪ್ರಿಲಿನಲ್ಲಿ ಅದರ ಕೊಡಪಾನ ಮೇಲೆ ಬರುವಾಗ ಅರ್ಧ ಕೆಸರು. ಕಾಲೊನಿಯವರು ಆ ಬಾವಿಗೆ ಬರುತ್ತಿದ್ದರು, ಇನ್ನೂ ಕೆಳಗೆ ತೋಡಿನ ಬದಿಯ ಗುಂಡಿಗೂ ಹೋಗುತ್ತಿದ್ದರು. ತಲೆಯ ಮೇಲೆ ಒಂದು, ಸೊಂಟದಲ್ಲಿ ಒಂದು ಕೊಡ ಇಟ್ಟುಕೊಂಡು ಹೆಂಗಸರು ಗುಡ್ಡೆ ಹತ್ತುವುದನ್ನು ನಾನು ದಿನಾ ಕಾಣುತ್ತಿದ್ದೆ. ಹತ್ತುವಾಗ ಯಾರೂ ಮಾತಾಡುತ್ತಿರಲಿಲ್ಲ. ಮಾತಿಗೆ ಉಸಿರು ಉಳಿಯುತ್ತಿರಲಿಲ್ಲ.

ಈ ಮಧ್ಯೆ ಬೆಂಗಳೂರಿನಲ್ಲಿ ಒಂದು ದೊಡ್ಡ ಬದಲಾವಣೆ ನಡೆದಿತ್ತು. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿಯಾಗಿದ್ದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೂ ಬೋರು ಕೊರೆಸಿ ಕೈಪಂಪು ಹಾಕಿಸಿದ ಅವರನ್ನು ಜನ ನೀರ್ ಸಾಬ್ ಎಂದೇ ಕರೆದರು. 250 ಜನಕ್ಕೆ ಒಂದು ಬೋರು ಎಂಬ ಲೆಕ್ಕ ಆಗ ಎಲ್ಲರ ಬಾಯಲ್ಲಿತ್ತು. ಅವರು ಮಾಡಿದ ಇನ್ನೊಂದು ಕೆಲಸ ನನ್ನ ಮಟ್ಟಿಗೆ ಬೋರಿಗಿಂತಲೂ ದೊಡ್ಡದು. 1983ರ ಪಂಚಾಯತ್ ಕಾನೂನನ್ನು ಹಟ ಹಿಡಿದು ಜಾರಿಗೆ ತಂದದ್ದು. 1987ರ ಜನವರಿಯಲ್ಲಿ ರಾಜ್ಯದುದ್ದಕ್ಕೂ ಚುನಾವಣೆ ನಡೆದು 19 ಜಿಲ್ಲಾ ಪರಿಷತ್ತುಗಳು, ಅವುಗಳ ಕೆಳಗೆ ಎರಡೂವರೆ ಸಾವಿರದಷ್ಟು ಮಂಡಲ ಪಂಚಾಯತುಗಳು ಹುಟ್ಟಿದವು. ಕುಂದಾಪುರದಿಂದ ಸುಳ್ಯದವರೆಗಿನ ಅಂದಿನ ದಕ್ಷಿಣ ಕನ್ನಡಕ್ಕೆ ಮಂಗಳೂರಿನಲ್ಲಿ ಒಂದೇ ಪರಿಷತ್ತು. ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅದುವರೆಗೆ ತಾಲೂಕು ಬೋರ್ಡು, ಬಿಡಿಒ ಕಚೇರಿ ಎಂದು ಅರ್ಜಿ ಹಿಡಿದು ಪುತ್ತೂರಿಗೆ ಅಲೆಯುತ್ತಿದ್ದ ಜನಕ್ಕೆ ಕುಡಿಯುವ ನೀರು, ಶಾಲೆ, ಆಸ್ಪತ್ರೆಯ ಮಾತನ್ನು ತಾವು ವೋಟು ಹಾಕಿದವರ ಮುಂದೆ ಎತ್ತುವ ಅವಕಾಶ ಬಂತು. ಕಾಲುಭಾಗ ಸ್ಥಾನ ಹೆಂಗಸರಿಗೆ ಮೀಸಲು. ಇಡೀ ದೇಶಕ್ಕೆ ಇಂಥ ಕಾನೂನು ಬರಲಿಕ್ಕೆ ಇನ್ನೂ ಐದಾರು ವರ್ಷ ಇತ್ತು.

ಆ ಕಾಲುಭಾಗದಲ್ಲಿ ನಮ್ಮ ಮಂಡಲಕ್ಕೆ ಬಂದವರಲ್ಲಿ ಒಬ್ಬರು ಗುಡ್ಡೆಯ ಕಾಲೊನಿಯ ಅಕ್ಕ. ಬೀಡಿ ಕಟ್ಟುವವರು. ಹೆಸರು ಬರೆಯುವುದಿಲ್ಲ, ಅವರಿಗೆ ಇಷ್ಟವಿಲ್ಲ. ಊರೆಲ್ಲ ಅಕ್ಕ ಎಂದೇ ಕರೆಯುತ್ತಿತ್ತು, ಈಗಲೂ ಹಾಗೆಯೇ. ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಬೆಳಿಗ್ಗೆ ನೀರು ಹೊತ್ತು, ಹಗಲು ಬೀಡಿ ಕಟ್ಟಿ, ಸಂಜೆ ಬ್ರಾಂಚಿಗೆ ಕೊಟ್ಟು ಬರುವುದು. ಮಂಡಲದ ಮೀಟಿಂಗು ಇದ್ದ ದಿನ ಆ ದಿನದ ಬೀಡಿ ಕಡಿಮೆ. ಅಷ್ಟು ಕೂಲಿಯೂ ಹೋಯಿತು. ಆದರೂ ಅವರು ಒಂದು ಮೀಟಿಂಗನ್ನೂ ಬಿಟ್ಟವರಲ್ಲ. ಮೊದಲ ಕೆಲವು ಮೀಟಿಂಗುಗಳಲ್ಲಿ ಬಾಯಿ ಬಿಡದೆ ಕೂತಿದ್ದರಂತೆ. ಯಾವ ಮಾತು ಪುಸ್ತಕಕ್ಕೆ ಹೋಗುತ್ತದೆ, ಯಾವುದು ಗಾಳಿಗೆ ಹೋಗುತ್ತದೆ ಎಂದು ನೋಡುತ್ತಿದ್ದೆ ಎಂದು ಆಮೇಲೆ ನನ್ನ ಅಮ್ಮನ ಹತ್ತಿರ ಹೇಳಿದ್ದರು.

ಗ್ರಾಮಸಭೆ ನಡೆದದ್ದು ಶಾಲೆಯ ಜಗಲಿಯಲ್ಲಿ, ಏಪ್ರಿಲಿನ ಉರಿಬಿಸಿಲಿಗೆ. ನಾನು ಆಗ ಹೈಸ್ಕೂಲು ಮುಗಿಸಿ ರಜೆಯಲ್ಲಿದ್ದೆ. ಬೆಂಚು ಹೊತ್ತು ಹಾಕಲಿಕ್ಕೆ ಮಾಷ್ಟ್ರು ಕರೆದದ್ದರಿಂದ ಹೋದವನು ಅಲ್ಲೇ ಕಿಟಕಿಯ ಬದಿಗೆ ನಿಂತೆ. ಮಂಡಲ ಪ್ರಧಾನರು, ಕಾರ್ಯದರ್ಶಿ, ಜಿಲ್ಲಾ ಪರಿಷತ್ತಿನ ಇಂಜಿನಿಯರಿಂಗ್ ವಿಭಾಗದ ಒಬ್ಬರು ಯುವ ಇಂಜಿನಿಯರು ಬಂದಿದ್ದರು. ನಮ್ಮ ಭಾಗಕ್ಕೆ ಒಂದು ಬೋರು ಮಂಜೂರಾಗಿದೆ, ಪಾಯಿಂಟು ಎಲ್ಲಿ ಎಂದು ಊರವರು ಹೇಳಬೇಕು ಎಂದರು ಪ್ರಧಾನರು. ಹೀಗೆ ಊರವರನ್ನು ಕೇಳಿದ್ದೇ ಮೊದಲು. ಜಗಲಿಯಲ್ಲಿ ಸ್ವಲ್ಪ ಹೊತ್ತು ಗದ್ದಲವೋ ಗದ್ದಲ. ಅಂಗಡಿಯ ಹತ್ತಿರ ಆಗಲಿ, ಬಸ್ಸಿಗೆ ಕಾಯುವವರಿಗೂ ಉಪಕಾರ ಎಂದರು ಕೆಲವರು. ಶಾಲೆಯ ಬದಿಗೆ ಆಗಲಿ ಎಂದರು ಮಾಷ್ಟ್ರು. ದೈವಸ್ಥಾನದ ಗದ್ದೆ ಕರೆಯಲ್ಲಿ ಆದರೆ ಕೋಲದ ದಿನಕ್ಕೂ ಆಯಿತು ಎಂದರು ಇನ್ನೊಬ್ಬರು. ಯಾವುದೂ ತಪ್ಪು ಮಾತಲ್ಲ. ಎಲ್ಲ ಜಾಗವೂ ರಸ್ತೆಬದಿ, ಎಲ್ಲ ಜಾಗವೂ ಕೆಳಗೆ.

ಅಕ್ಕ ಎದ್ದು ನಿಂತರು. ಸೆರಗಿನ ತುದಿಯನ್ನು ಕೈಯಲ್ಲಿ ಸುತ್ತಿಕೊಂಡಿದ್ದರು.

"ಕಾಲೊನಿಯಲ್ಲಿ ಆಗಬೇಕು ಸಾರ್."

ಇಂಜಿನಿಯರು ಸಮಾಧಾನದಲ್ಲೇ ಹೇಳಿದರು. "ಅಮ್ಮಾ, ನಾನು ಬೆಳಿಗ್ಗೆ ಹತ್ತಿ ನೋಡಿ ಬಂದಿದ್ದೇನೆ. ಮೇಲೆ ಕಾಲುದಾರಿ ಬಿಟ್ಟರೆ ಬೇರೆ ದಾರಿ ಇಲ್ಲ. ಬೋರಿನ ಗಾಡಿ ದೊಡ್ಡದು, ಜೊತೆಗೆ ಕಂಪ್ರೆಸರಿನ ಗಾಡಿ ಬೇರೆ. ಅದು ಹೋಗದ ಜಾಗಕ್ಕೆ ಬೋರು ಕೊಡಲಿಕ್ಕೆ ಆಗುವುದಿಲ್ಲ. ಕೆಳಗೆ ಆದರೂ ನಿಮಗೆ ಈಗಿನದ್ದಕ್ಕಿಂತ ಹತ್ತಿರವೇ ಆಗ್ತದೆ."

"ಕೆಳಗೆ ಆದರೆ ಹೊರುವುದು ತಪ್ಪುವುದಿಲ್ಲ ಸಾರ್. ಗಾಡಿ ಮೇಲೆ ಬಂದರೆ ಬೋರು ಕೊಡ್ತೀರಾ?"

"ಬಂದರೆ ಕೊಡುವ. ಬರಬೇಕಲ್ಲ."

"ಅದನ್ನು ಹಾಗೆಯೇ ಬರ್ಕೊಳ್ಳಿ."

ಕಾರ್ಯದರ್ಶಿ ಪ್ರಧಾನರ ಮುಖ ನೋಡಿದರು. ಪ್ರಧಾನರು ಒಂದು ಗಳಿಗೆ ಸುಮ್ಮನಿದ್ದು, "ಬರೀರಿ" ಎಂದರು. ಗಾಡಿ ಹೋಗುವಂಥ ದಾರಿಯನ್ನು ಊರವರು ಮಾಡಿಕೊಟ್ಟಲ್ಲಿ ಕಾಲೊನಿಯಲ್ಲೇ ಬೋರು ಕೊರೆಯತಕ್ಕದ್ದು ಎಂದು ನಿರ್ಣಯ ಪುಸ್ತಕಕ್ಕೆ ಹೋಯಿತು. ಅಕ್ಕ ಅದನ್ನು ಮಾಷ್ಟ್ರ ಕೈಯಲ್ಲಿ ಗಟ್ಟಿಯಾಗಿ ಓದಿಸಿಕೊಂಡ ಮೇಲೆಯೇ ಕೂತರು.

ಅಂಗಡಿಯ ಪಕ್ಷದವರಿಗೆ ಇದೊಂದು ಆಗದ ಹೋಗದ ಮಾತು. ದಾರಿ ಆಗಬೇಕಾದರೆ ಎರಡು ಅಡಚಣೆ. ಒಂದು, ನಡುವೆ ಅಡ್ಡ ಇದ್ದ ಪಾದೆ. ಇನ್ನೊಂದು, ದೊಡ್ಡಪ್ಪ.

ಕಾಲುದಾರಿ ಇದ್ದದ್ದು ನನ್ನ ದೊಡ್ಡಪ್ಪನ ವರ್ಗ ಜಾಗದ ಅಂಚಿನಲ್ಲಿ. ಮನುಷ್ಯರು ನಡೆಯಲಿಕ್ಕೆ ಯಾರೂ ಅಡ್ಡ ಹೇಳುವುದಿಲ್ಲ, ತಡಮೆ ದಾಟಿ ಹೋಗುತ್ತಾರೆ. ಲಾರಿಗಾದರೆ ತಡಮೆ ಕೀಳಬೇಕು, ಅಗಳು ಮುಚ್ಚಬೇಕು, ಹತ್ತು ಹನ್ನೆರಡು ಅಡಿ ಅಗಲಕ್ಕೆ ಉದ್ದಕ್ಕೂ ಜಾಗ ಬಿಡಬೇಕು. ಆ ಜಾಗ ಅವರಿಗೆ ಎಂಥದ್ದು ಎಂದು ಹೇಳದಿದ್ದರೆ ಈ ಕಥೆ ಅರ್ಥವಾಗುವುದಿಲ್ಲ. ಅಜ್ಜನ ಕಾಲದಿಂದ ನಮ್ಮವರು ಚಾಲಗೇಣಿ ಒಕ್ಕಲು. ಗೇಣಿ ಅಕ್ಕಿಯನ್ನು ಮುಡಿ ಕಟ್ಟಿ ಧನಿಗಳ ಮನೆಗೆ ಹೊತ್ತು ಹಾಕುತ್ತಿದ್ದರು. ಬೆಳೆ ಬರಲಿ ಬಿಡಲಿ, ಮುಡಿಯ ಲೆಕ್ಕ ತಪ್ಪುವ ಹಾಗಿಲ್ಲ. ದೇವರಾಜ ಅರಸರ ಭೂಸುಧಾರಣೆ 1974ರಲ್ಲಿ ಜಾರಿಗೆ ಬಂದಾಗ ದೊಡ್ಡಪ್ಪ ಡಿಕ್ಲರೇಷನ್ ಕೊಟ್ಟರು. ಟ್ರಿಬ್ಯೂನಲಿನ ಮುಂದೆ ವರ್ಷಗಟ್ಟಲೆ ನಡೆದು ಕೊನೆಗೆ ಹಕ್ಕು ಬಂತು. ಆ ಕಾಗದವನ್ನು ಅವರು ತಗಡಿನ ಪೆಟ್ಟಿಗೆಯಲ್ಲಿ ಅಜ್ಜನ ಬೆಳ್ಳಿಯ ಉಡಿದಾರದ ಜೊತೆ ಇಟ್ಟಿದ್ದರು. ತಮ್ಮದು ಎಂದು ಹೇಳಿಕೊಳ್ಳಲಿಕ್ಕೆ ಆಗಿ ಇನ್ನೂ ಹತ್ತು ವರ್ಷವೂ ಆಗದ ನೆಲದಲ್ಲಿ ಒಂದು ಪಟ್ಟಿ ಬಿಡು ಎಂದು ಕೇಳುವುದು ಹೇಗೆ? ಅಪ್ಪನಿಗೆ ಧೈರ್ಯ ಬರಲಿಲ್ಲ. ಪ್ರಧಾನರೂ ಒತ್ತಾಯ ಮಾಡುವುದಿಲ್ಲ ಎಂದರು.

ಸಭೆಯಿಂದ ದೊಡ್ಡಪ್ಪ ಒಂದು ಮಾತೂ ಆಡದೆ ಎದ್ದು ಬಂದಿದ್ದರು. ಆ ರಾತ್ರಿ ಊಟಕ್ಕೆ ಕೂತವರು ಎಲೆಯ ಮೇಲೆ ಕೈಯಿಟ್ಟು ಸುಮ್ಮನೆ ಇದ್ದರಂತೆ. ದೊಡ್ಡಮ್ಮನೇ ಹೇಳಿದ್ದು: "ನಮ್ಮ ಬಾವಿಗೆ ಬರುವವರು ನಮ್ಮ ತಡಮೆ ದಾಟಿಯೇ ಹತ್ತುವುದು. ನಾನು ದಿನಾ ನೋಡ್ತೇನೆ. ನೀವು ನೋಡಲಿಲ್ಲವಾ?"

ಮರುದಿನ ಬೆಳ್ಳಂಬೆಳಗ್ಗೆ ಕತ್ತಿಯ ಶಬ್ದಕ್ಕೆ ನನಗೆ ಎಚ್ಚರ ಆಯಿತು. ಹೋಗಿ ನೋಡಿದರೆ ದೊಡ್ಡಪ್ಪ ತಲೆಗೆ ಮುಟ್ಟಾಳೆ ಇಟ್ಟುಕೊಂಡು ತಡಮೆಯ ಎರಡು ಕಂಬವನ್ನೂ ಕಿತ್ತು ಬದಿಗೆ ಒರಗಿಸಿದ್ದರು. ಅಂಚಿನಲ್ಲಿ ಫಲ ಬಿಡುವ ಎರಡು ಗೇರುಮರ ಇತ್ತು. ಒಂದರ ಬುಡಕ್ಕೆ ಅದಾಗಲೇ ಕತ್ತಿ ಬಿದ್ದಿತ್ತು. ಅಷ್ಟರಲ್ಲಿ ಅಕ್ಕ ಖಾಲಿ ಕೊಡ ಹಿಡಿದು ಇಳಿದು ಬರುತ್ತಿದ್ದವರು ಅಲ್ಲೇ ನಿಂತರು.

"ಬರೆದು ಕೊಡುವುದಿಲ್ಲ" ಎಂದರು ದೊಡ್ಡಪ್ಪ, ತಲೆ ಎತ್ತದೆ. "ಕಾಗದಕ್ಕೆ ಇನ್ನು ಕೈ ಹಾಕುವುದಿಲ್ಲ ನಾನು. ದಾರಿ ಮಾಡಿ. ಯಾರೂ ಅಡ್ಡ ಬರುವುದಿಲ್ಲ."

ಅಕ್ಕ ಕೊಡವನ್ನು ನೆಲಕ್ಕಿಟ್ಟು, ಕಡಿದ ಗೆಲ್ಲುಗಳನ್ನು ಎಳೆದು ಬದಿಗೆ ಹಾಕತೊಡಗಿದರು. ರಸ್ತೆಯ ಕೆಲಸ ಶುರುವಾದದ್ದು ಹೀಗೆ. ಗುದ್ದಲಿ ಪೂಜೆ, ಭಾಷಣ ಯಾವುದೂ ಇರಲಿಲ್ಲ.

ಪತ್ತನಾಜೆಯ ಒಳಗೆ ಮುಗಿಸಬೇಕಿತ್ತು. ಮೇ ತಿಂಗಳ ಕೊನೆಗೆ ಪತ್ತನಾಜೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಗಳ ಕೋಲ ನಿಲ್ಲುತ್ತದೆ, ಆಮೇಲೆ ಯಾವ ಕ್ಷಣಕ್ಕೂ ಮಳೆ. ಒಂದು ದೊಡ್ಡ ಮಳೆ ಬಿದ್ದ ಮೇಲೆ ಹೊಸದಾಗಿ ಕಡಿದ ಕೆಂಪುಮಣ್ಣಿಗೆ ಲಾರಿ ಕಾಲಿಟ್ಟರೆ ಹೂತು ಹೋಗುತ್ತದೆ. ಹಗಲು ಎಲ್ಲರಿಗೂ ಅವರವರ ಕೂಲಿ ಕೆಲಸ ಇರುವುದರಿಂದ ದಾರಿಯ ಕೆಲಸ ಸಂಜೆಯ ಮೇಲೆ. ಬೆಳದಿಂಗಳು ಇದ್ದ ದಿನ ಬೆಳದಿಂಗಳಿಗೆ, ಇಲ್ಲದ ದಿನ ಮದುವೆ ಮನೆಯಿಂದ ತಂದ ಗ್ಯಾಸ್‌ಲೈಟಿಗೆ. ಗಂಡಸರು ಪಿಕ್ಕಾಸು, ಹಾರೆ ಹಿಡಿದು ಗುಡ್ಡೆಯ ಬದಿಯನ್ನು ಕಡಿದು ಬೀಳಿಸಿದರು. ಹೆಂಗಸರು ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಇಳಿಜಾರಿನ ಕರೆಗೆ ಹಾಕಿದರು. ಮಕ್ಕಳಾದ ನಮಗೆ ಕೊಟ್ಟ ಕೆಲಸ ಚರಳು ಆರಿಸಿ ಗಾಲಿ ಬೀಳುವ ಜಾಗಕ್ಕೆ ತುಂಬುವುದು. ಪ್ರತಿ ಮನೆಯವರೂ ಸರದಿಯಲ್ಲಿ ಚಾ, ಅವಲಕ್ಕಿ ತಂದರು. ಅಂಗಡಿಯ ಹತ್ತಿರ ಬೋರು ಕೇಳಿದ್ದವರು ಬೆಲ್ಲ, ಚಾಹುಡಿ ಕಳಿಸಿ, ಎರಡನೆಯ ವಾರ ತಾವೇ ಹಾರೆ ಹಿಡಿದು ಬಂದರು. ಆ ಹೊತ್ತಿಗೆ ಇದು ಕಾಲೊನಿಯವರ ಕೆಲಸ ಎಂಬ ಮಾತೇ ಹೋಗಿತ್ತು.

ಪಾದೆ ಮಾತ್ರ ಕಾಡಿತು. ಮುರಕಲ್ಲು ನೆಲದೊಳಗೆ ಹಸಿ ಇರುವಾಗ ಕೊಡಲಿಗೂ ಬಗ್ಗುತ್ತದೆ, ಬಿಸಿಲು ಗಾಳಿ ತಾಗಿದ್ದು ಕಬ್ಬಿಣದಷ್ಟು ಗಟ್ಟಿ. ಕಲ್ಲು ಕಡಿದು ಅನುಭವ ಇದ್ದ ಬ್ಯಾರಿ ಕಾಕ ಒಬ್ಬರು ಬಂದು ನೋಡಿ, ಮೇಲಿಂದ ಹೊಡೆಯುವುದು ವ್ಯರ್ಥ, ಬದಿಯಿಂದ ಬಿಡಿಸಬೇಕು ಎಂದು ತೋರಿಸಿಕೊಟ್ಟರು. ಪಾದೆಯ ಬುಡದ ಮಣ್ಣು ತೆಗೆದು, ಹಸಿ ಪದರಕ್ಕೆ ಹಾರೆ ಕೊಟ್ಟು ಮೀಟಿದರೆ ಚಕ್ಕೆಚಕ್ಕೆಯಾಗಿ ಎದ್ದು ಬಂತು. ಆ ಚಕ್ಕೆಗಳೇ ತಗ್ಗಿನ ಬದಿಗೆ ಕಟ್ಟಿದ ಗೋಡೆಯಾದವು. ಅದು ಇವತ್ತಿಗೂ ನಿಂತಿದೆ.

ಕೆಲಸ ಮುಗಿಯುತ್ತ ಬಂದಾಗ ಇಂಜಿನಿಯರು ಬೋರಿನ ಗಾಡಿಯ ಡ್ರೈವರನ್ನು ಕರೆದುಕೊಂಡು ಬಂದರು. ಸೇಲಂ ಕಡೆಯ ತಮಿಳರು, ಲುಂಗಿ ಉಟ್ಟ ಸಣ್ಣ ಜೀವ. ಮಾತು ಕಡಿಮೆ. ಕೆಳಗಿನಿಂದ ಮೇಲಿನವರೆಗೆ ಬರಿಗಾಲಲ್ಲಿ ನಡೆದು, ಹೆಜ್ಜೆ ಅಳೆದು, ದೊಡ್ಡ ತಿರುವಿನಲ್ಲಿ ನಿಂತು ಕಣ್ಣು ಮುಚ್ಚಿ ಎರಡು ಕೈಯಲ್ಲಿ ಸ್ಟಿಯರಿಂಗು ತಿರುಗಿಸಿ ನೋಡಿದರು. ಆಮೇಲೆ ಒಂದು ಕೋಲಿನಲ್ಲಿ ನೆಲದ ಮೇಲೆ ಗೀರು ಎಳೆದು ತೋರಿಸಿದರು. ಇಷ್ಟು ಒಳಗೆ ಕಡಿಯಬೇಕು. ಗೀರಿನ ಒಳಗಿದ್ದದ್ದು ದೊಡ್ಡಪ್ಪನ ಎರಡನೆಯ ಗೇರುಮರ. ಯಾರೂ ದೊಡ್ಡಪ್ಪನ ಕಡೆ ನೋಡಲಿಲ್ಲ. ಅವರು ಮನೆಗೆ ಹೋಗಿ ಕೊಡಲಿ ತಂದರು.

ಲಾರಿ ಬಂದ ಬೆಳಿಗ್ಗೆ ಊರಿಗೆ ಊರೇ ದಾರಿಬದಿಯಲ್ಲಿ. ಹೆರಿಗೆಗೆ ಬಂದ ಮಗಳನ್ನು ಮನೆ ತುಂಬಿಸಿಕೊಳ್ಳುವಷ್ಟು ಜಾಗ್ರತೆಯಲ್ಲಿ ಅದನ್ನು ಹತ್ತಿಸಿದರು. ಮುಂದೆ ಒಬ್ಬರು ಹಿಮ್ಮುಖ ನಡೆಯುತ್ತ ಕೈ ತೋರಿಸುವುದು, ಎರಡು ಬದಿಗೆ ಇಬ್ಬಿಬ್ಬರು ಮರದ ತುಂಡು ಹಿಡಿದು ಹಿಂಗಾಲಿಗೆ ಒತ್ತು ಕೊಡಲಿಕ್ಕೆ ತಯಾರಾಗಿ ನಡೆಯುವುದು. ತಿರುವಿನಲ್ಲಿ ಒಮ್ಮೆ ಹಿಂದಿನ ಗಾಲಿ ಹೊಸ ಮಣ್ಣಿಗೆ ಕುಸಿಯಿತು. ಹೊಗೆ ಎದ್ದಿತು, ಹೆಂಗಸರು ಬೊಬ್ಬೆ ಹೊಡೆದರು. ಡ್ರೈವರು ಇಂಜಿನು ನಿಲ್ಲಿಸಿ, ಇಳಿದು ನೋಡಿ, ಚಕ್ಕೆ ಕಲ್ಲು ಕೇಳಿದರು. ಸಾಲುಗಟ್ಟಿ ಕ್ಷಣದಲ್ಲಿ ಕೈಯಿಂದ ಕೈಗೆ ಕಲ್ಲು ಬಂತು. ಎರಡನೆಯ ಸಲಕ್ಕೆ ಗಾಡಿ ಎದ್ದಿತು.

ಕೊರೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ನೆಲದೊಳಗೆ ಏನಿದೆ ಎಂದು ಬಣ್ಣದಲ್ಲೇ ತಿಳಿಯುತ್ತದೆ. ಮೊದಲು ಕೆಂಪು ಹುಡಿ ಎದ್ದು ಗೇರುಮರ, ಮನೆಯ ಮಾಡು, ನಮ್ಮ ತಲೆ ಎಲ್ಲ ಕೆಂಪು. ಆಮೇಲೆ ಶೇಡಿ. ಬಿಳಿ, ನಸುಗೆಂಪು ಬಣ್ಣದ ಮೆತ್ತಗಿನ ಮಣ್ಣು. ಅದು ಜರಿದು ರಂಧ್ರ ಮುಚ್ಚದ ಹಾಗೆ ಕಲ್ಲು ಸಿಗುವವರೆಗೂ ಕೇಸಿಂಗ್ ಪೈಪು ಇಳಿಸಬೇಕು. ನಮ್ಮ ಜಿಲ್ಲೆಯಲ್ಲಿ ಬೋರಿನ ಖರ್ಚು ಏರುವುದು ಇಲ್ಲಿ. ಶೇಡಿ ಕಳೆದ ಮೇಲೆ ಕಗ್ಗಲ್ಲು. ಶಬ್ದವೇ ಬೇರೆ. ಬೂದು ಹಿಟ್ಟು ಹಾರತೊಡಗಿತು. ರಾಡಿನ ಮೇಲೆ ರಾಡು ಇಳಿಯಿತು. ಮಧ್ಯಾಹ್ನ ಕಳೆದರೂ ಬರೀ ಹುಡಿ. 150 ಅಡಿ ಎಂದರು, ಹುಡಿ. ಅಕ್ಕ ಮನೆಯ ಮೆಟ್ಟಿಲಲ್ಲಿ ತಡ್ಪೆ ಇಟ್ಟುಕೊಂಡು ಕೂತಿದ್ದರು, ಕೈ ಬೀಡಿ ಕಟ್ಟುತ್ತಲೇ ಇತ್ತು, ಕಣ್ಣು ರಂಧ್ರದ ಮೇಲೆ. ನೀರು ಸಿಗದಿದ್ದರೆ ಊರಿಡೀ ಯಾರ ಹೆಸರು ಹೇಳುತ್ತದೆ ಎಂದು ಅವರಿಗೆ ಗೊತ್ತಿರಬೇಕು. 200 ಅಡಿ ದಾಟಿದ ಮೇಲೆ ಹುಡಿ ಹಾರುವುದು ನಿಂತಿತು. ಹಿಟ್ಟು ಒದ್ದೆಯಾಗಿ ಉಂಡೆಯುಂಡೆಯಾಗಿ ಬಿತ್ತು. ಡ್ರೈವರು ಒಂದು ಚಿಟಿಕೆ ತೆಗೆದು ಹಿಚುಕಿ, ಇನ್ನೊಂದು ರಾಡು ಎಂದು ಸನ್ನೆ ಮಾಡಿದರು. ಆ ರಾಡು ಅರ್ಧ ಇಳಿಯುವಾಗ ನೀರು ಮೇಲಕ್ಕೆ ಹಾರಿತು. ಗೇರುಮರದ ಎತ್ತರಕ್ಕೆ.

ಎಲ್ಲರೂ ನೆನೆದರು. ಯಾರು ನಕ್ಕರು, ಯಾರು ಅತ್ತರು ಎಂದು ಹೇಳುವ ಹಾಗಿರಲಿಲ್ಲ. ದೊಡ್ಡಪ್ಪ ಮುಟ್ಟಾಳೆ ತೆಗೆದು ಅದರಲ್ಲಿ ನೀರು ಹಿಡಿದು ಕುಡಿದರು. ಇಂಜಿನಿಯರು ಅಕ್ಕನ ಹತ್ತಿರ ಬಂದು, "ನಿಮ್ಮ ನಿರ್ಣಯ ಗೆದ್ದಿತಮ್ಮ" ಎಂದು ಕೈ ಮುಗಿದರು. ಸಂಜೆಯೊಳಗೆ ಲಾರಿಯನ್ನು ಇಳಿಸಿ ಆಯಿತು. ಮಳೆ ಅದೇ ವಾರ ಹಿಡಿಯಿತು.

ಕಟ್ಟೆ ಕಟ್ಟಿ ಇಂಡಿಯಾ ಮಾರ್ಕ್ 2 ಪಂಪು ಕೂರಿಸಿದ ಮೇಲೆ ಮೊದಲ ಕೆಲವು ದಿನ ನೀರಿಗೆ ತುಕ್ಕಿನ ವಾಸನೆ ಇತ್ತು, ಅನ್ನ ನಸುಗೆಂಪಾಗುತ್ತಿತ್ತು. ನಮ್ಮ ನೆಲದ ನೀರಿಗೆ ಹುಳಿ ಗುಣ ಇರುವುದರಿಂದ ಕಬ್ಬಿಣದ ಪೈಪನ್ನು ತಿನ್ನುತ್ತದೆ. ಬೆಳಿಗ್ಗೆ ಮೊದಲ ಕೊಡವನ್ನು ಗಿಡಕ್ಕೆ ಬಿಟ್ಟರೆ ಆಮೇಲಿನದು ತಿಳಿ ಎಂದು ಹೆಂಗಸರೇ ಕಂಡುಕೊಂಡರು. ಸರದಿಗೆ ಜಗಳ ಆಗದ ಹಾಗೆ ಅಕ್ಕ ಒಂದು ಕ್ರಮ ಮಾಡಿದರು. ಬಾಣಂತಿ ಇರುವ ಮನೆಗೆ, ಮುದುಕರ ಮನೆಗೆ ಮೊದಲ ಕೊಡ. ಆಮೇಲೆ ಕೊಡ ಇಟ್ಟ ಸಾಲಿನಲ್ಲಿ. ಮರುವರ್ಷ ಜವಾಹರ್ ರೋಜ್‌ಗಾರ್ ಯೋಜನೆಯ ಹಣ ಮಂಡಲಗಳಿಗೆ ಬರತೊಡಗಿದಾಗ ನಮ್ಮ ದಾರಿಗೆ ಒಂದು ಮೋರಿ, ಕೆಳಗಿನ ಅರ್ಧಕ್ಕೆ ಜಲ್ಲಿ ಸಿಕ್ಕಿತು. ಅದಕ್ಕೂ ನಿರ್ಣಯ ಬರೆಸಿದವರು ಅವರೇ.

1988ರ ಅಕ್ಟೋಬರಿನಲ್ಲಿ ನಜೀರ್ ಸಾಬರು ತೀರಿಕೊಂಡರು. ಸುದ್ದಿಯನ್ನು ದೊಡ್ಡಪ್ಪ ರೇಡಿಯೋದಲ್ಲಿ ಕೇಳಿ, ಗುಡ್ಡೆ ಹತ್ತಿ ಹೋಗಿ ಕಾಲೊನಿಯವರಿಗೆ ಹೇಳಿ ಬಂದರು. ಅವರನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ಈಗ ಮೈಸೂರಿನಲ್ಲಿ ಪಂಚಾಯತ್ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯದ ಸಂಸ್ಥೆಗೆ ಅವರದೇ ಹೆಸರಿದೆ. ನಮ್ಮ ಊರಿನಿಂದ ಅಲ್ಲಿಗೆ ಹೋಗಿ ಬಂದವರು ಅವರ ಫೋಟೋ ನೋಡಿದೆವು ಎಂದು ಹೇಳುವಾಗ ನನಗೆ ದೊಡ್ಡಪ್ಪ ಆ ಸಂಜೆ ಗುಡ್ಡೆ ಹತ್ತಿದ್ದು ಕಾಣುತ್ತದೆ.

ಆ ಕಾಲದಲ್ಲಿ ನಮ್ಮ ಸುತ್ತಮುತ್ತ ಇಂಥ ಕೆಲಸಗಳ ಗಾಳಿಯೇ ಇತ್ತು. 1989ರಲ್ಲಿ ಸುಳ್ಯದ ಹತ್ತಿರ ಅರಂಬೂರಿನಲ್ಲಿ ಪಯಸ್ವಿನಿ ಹೊಳೆ ದಾಟಲಿಕ್ಕೆ ಜನ ಗಿರೀಶ್ ಭಾರದ್ವಾಜರನ್ನು ಕೇಳಿಕೊಂಡರು. ಊರವರು ಕೈ ಜೋಡಿಸಿ ಅವರ ಮೊದಲ ತೂಗುಸೇತುವೆ ಎದ್ದಿತು. ಆಮೇಲೆ ಅವರು ನೂರಕ್ಕೂ ಹೆಚ್ಚು ಸೇತುವೆ ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದದ್ದು ಎಲ್ಲರಿಗೂ ಗೊತ್ತು. ಹೊಳೆ ದಾಟಿ ಶಾಲೆಗೆ ಹೋಗುವ ಮಕ್ಕಳು ಯಾವ ಕಡವಿನಲ್ಲಿ ಇಳಿಯುತ್ತಾರೆ ಎಂದು ಊರವರಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಬೆಂಗಳೂರಿನಲ್ಲಿ ಎಷ್ಟು ಕೋಟಿ ಮಂಜೂರಾದರೂ ಈ ಮಾತು ಕೇಳುವ ಒಂದು ಜಗಲಿ, ಬರೆದುಕೊಳ್ಳುವ ಒಂದು ಪುಸ್ತಕ ಊರಿನಲ್ಲಿ ಇಲ್ಲದಿದ್ದರೆ ಹಣ ರಸ್ತೆಬದಿಯಲ್ಲೇ ನಿಲ್ಲುತ್ತದೆ. ನಾನು ಇದನ್ನು ಕಣ್ಣಾರೆ ಕಂಡೆ. 1992ರಲ್ಲಿ ಮಂಡಲಗಳ ಅವಧಿ ಮುಗಿದು ಆಡಳಿತಾಧಿಕಾರಿಗಳ ಕಾಲ ಬಂತು. ಆ ಅವಧಿಯಲ್ಲಿ ಪಂಪಿನ ವಾಷರು ಸವೆದು ನೀರು ನಿಂತಾಗ ಯಾರನ್ನು ಕೇಳುವುದು ಎಂದೇ ಗೊತ್ತಾಗಲಿಲ್ಲ. ಹೆಂಗಸರು ಮತ್ತೆ ನಮ್ಮ ಬಾವಿಗೆ ಇಳಿದರು. 1993ರ ಹೊಸ ಕಾನೂನಿನಲ್ಲಿ ಗ್ರಾಮ ಪಂಚಾಯತು ಬಂದ ಮೇಲೆ, ಹೆಂಗಸರ ಪಾಲು ಮೂರನೆಯ ಒಂದಕ್ಕೆ ಏರಿದ ಮೇಲೆ, ಮತ್ತೆ ಕೇಳುವ ಜಾಗ ಸಿಕ್ಕಿತು. ಈಗ ಅರ್ಧ ಸ್ಥಾನ ಹೆಂಗಸರದು. ಅಕ್ಕ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಗ್ರಾಮಸಭೆ ತಪ್ಪಿಸಿದ್ದೂ ಇಲ್ಲ.

ದೊಡ್ಡಪ್ಪ ಬರೆದು ಕೊಡದ ಜಾಗದ ಕಥೆ ಇನ್ನೂ ಇದೆ. ದಾರಿ ಪಂಚಾಯತಿನ ದಾಖಲೆಗೆ ಬಾರದೆ ಅದಕ್ಕೆ ಕಾಂಕ್ರೀಟಿನ ಅನುದಾನ ಇಡುವ ಹಾಗಿಲ್ಲ. ಪಹಣಿಯಲ್ಲಿ ಅದು ದೊಡ್ಡಪ್ಪನ ಹೆಸರಿನಲ್ಲೇ ಇತ್ತು. ಅವರು ಇರುವವರೆಗೆ ಯಾರೂ ಆ ಮಾತೆತ್ತಲಿಲ್ಲ, ಮಳೆಗಾಲದಲ್ಲಿ ಕೆಸರು ತುಳಿದೇ ನಡೆದರು. ಅವರು ತೀರಿಹೋದ ಮೇಲೆ ಅವರ ಮಗ, ನನ್ನ ಅಣ್ಣ, ತಾನಾಗಿ ಪಂಚಾಯತಿಗೆ ಹೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ಅಪ್ಪ ಬಾಯಲ್ಲಿ ಕೊಟ್ಟದ್ದನ್ನು ನಾನು ಕಾಗದದಲ್ಲಿ ಕೊಟ್ಟೆ ಅಷ್ಟೇ ಎಂದ. ಆಮೇಲೆ ಕಾಂಕ್ರೀಟು ತುಂಡುತುಂಡಾಗಿ ಬಂತು, ಒಂದು ವರ್ಷ ಕೆಳಗಿನ ತುಂಡು, ಕೆಲವು ವರ್ಷ ಕಳೆದು ತಿರುವಿನ ತುಂಡು. ಈಗ ಕಾಲೊನಿಯವರೆಗೂ ಮುಗಿದಿದೆ.

ಬೋರು ಬತ್ತಿಲ್ಲ. ಕೈಪಂಪನ್ನು ತೆಗೆದು ಅದಕ್ಕೇ ಮೋಟಾರು ಇಳಿಸಿ, ಟಾಂಕಿ ಕಟ್ಟಿ, ಮನೆಮನೆಗೆ ನಳ್ಳಿ ಕೊಟ್ಟಿದ್ದಾರೆ. ಜಲಜೀವನ್ ಮಿಷನಿನ ಹೊಸ ಪೈಪು ಬೇರೆ ಬಂದಿದೆ. ಯಾರ ತಲೆಯ ಮೇಲೂ ಕೊಡ ಇಲ್ಲ, ಇದು ಸಣ್ಣ ಮಾತಲ್ಲ. ಆದರೆ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟು ಇಲ್ಲದಿದ್ದರೆ ನಳ್ಳಿಯೂ ಇಲ್ಲ. ಕಳೆದ ಗ್ರಾಮಸಭೆಯಲ್ಲಿ ಅಕ್ಕ ಕೋಲೂರಿಕೊಂಡು ಬಂದು, ಮೋಟಾರು ಇರಲಿ, ಕಾಲೊನಿಗೆ ಒಂದು ಕೈಪಂಪೂ ಬೇಕು, ಕರೆಂಟಿಲ್ಲದ ದಿನಕ್ಕೆ ಎಂದರು. ಪಿಡಿಒ ಅವರು ಪರಿಶೀಲಿಸುವ ಎಂದರು. "ಪರಿಶೀಲಿಸಿ ಸಾರ್, ಅದಕ್ಕೆ ಮೊದಲು ಬರ್ಕೊಳ್ಳಿ" ಎಂದು ಅಕ್ಕ ಅಲ್ಲೇ ನಿಂತರು. ಬರೆದುಕೊಂಡರು. ಪಂಪು ಮುಂದಿನ ಬೇಸಿಗೆಯೊಳಗೆ ಆಗಬೇಕು. ಆಗುವವರೆಗೆ ಪ್ರತಿ ಸಭೆಯಲ್ಲೂ ಆ ಪುಟವನ್ನು ತೆಗೆಸಿ ಓದಿಸುವ ಕೆಲಸವನ್ನು ಈಗ ನಾನು ಹಿಡಿದುಕೊಂಡಿದ್ದೇನೆ.